ಆಕರ ಪಟ್ಟಿಯ ಲಿಂಕುಗಳು ಸಾಯದಂತೆ ಬರೆಯುವುದು ಹೇಗೆ? ಡಿಒಐ, ಹ್ಯಾಂಡಲ್ ಮತ್ತು ವೆಬ್ ವಿಳಾಸಗಳ ಸಮಗ್ರ ಮಾರ್ಗದರ್ಶಿ

ತಾಳಗುಂದದ ಕಂಬ ಶಾಸನದ ಬಗ್ಗೆ ಬರೆಯುವವರು ಅಡಿಟಿಪ್ಪಣಿಯಲ್ಲಿ ‘ಎ.ಕ. 7, ಶಿಕಾರಿಪುರ 176’ ಎಂದಷ್ಟೇ ಹಾಕುತ್ತಾರೆ. ಬಿ. ಎಲ್. ರೈಸ್ ಅವರ ಶಾಸನ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕದ (ಎ.ಕ.) ಏಳನೇ ಸಂಪುಟ ಬಂದದ್ದು 1902ರಲ್ಲಿ. ಇವತ್ತಿಗೂ ಆ ಸಂಖ್ಯೆ ಹಿಡಿದು ಹೋದರೆ ಅದೇ ಶಾಸನ ಸಿಗುತ್ತದೆ. ಪುಸ್ತಕ ಮೈಸೂರಿನ ಕಪಾಟಿನಲ್ಲಿರಲಿ, ಧಾರವಾಡದಲ್ಲಿರಲಿ, ನಿಮ್ಮ ಮೊಬೈಲಿನಲ್ಲಿ ಪಿಡಿಎಫ್ ಆಗಿರಲಿ, ಸಂಖ್ಯೆಗೆ ಅದರ ಗೊಡವೆ ಇಲ್ಲ.

ಈಗ ನನ್ನ ಕಥೆ ಕೇಳಿ. ಕೆಲವು ವರ್ಷಗಳ ಹಿಂದೆ ಬರೆದ ನನ್ನದೇ ಲೇಖನವೊಂದರ ಆಕರ ಪಟ್ಟಿಯನ್ನು ಮೊನ್ನೆ ತೆಗೆದು, ಅದರಲ್ಲಿದ್ದ ಲಿಂಕುಗಳನ್ನು ಒಂದೊಂದಾಗಿ ಒತ್ತಿದೆ. ಸುಮಾರು ಅರ್ಧ ಸತ್ತುಹೋಗಿದ್ದವು. ಒಂದು ಕಚೇರಿಯ ವರದಿ ಇದ್ದ ಜಾಗದಲ್ಲಿ ‘ಪುಟ ಸಿಗಲಿಲ್ಲ’ ಅಂತ ಬಂತು. ಇನ್ನೊಂದು ಲಿಂಕ್ ಯಾವುದೋ ಸಾಲ ಕೊಡುವವರ ಜಾಹೀರಾತಿಗೆ ಕರೆದುಕೊಂಡು ಹೋಯಿತು. ತಪ್ಪು ಯಾರದು? ಅರ್ಧ ನನ್ನದೇ. ಸ್ಥಿರವಾದ ಸಂಖ್ಯೆ ಅದೇ ಪುಟದಲ್ಲಿದ್ದರೂ, ಬ್ರೌಸರಿನ ಮೇಲುಪಟ್ಟಿಯಲ್ಲಿ ಕಂಡದ್ದನ್ನು ಸುಮ್ನೆ ಕಾಪಿ ಮಾಡಿ ಹಾಕಿದ್ದೆ.

ಇದು ನನ್ನೊಬ್ಬನ ಗೋಳಲ್ಲ. 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದಲ್ಲಿ ಸಿಗದಂತಾಗಿವೆ ಎಂದು ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಲೆಕ್ಕ ಕೊಟ್ಟಿತು. ಅಮೆರಿಕದ ಸುಪ್ರೀಂ ಕೋರ್ಟನ್ನೂ ಇದು ಬಿಟ್ಟಿಲ್ಲ. 2011ರ ಒಂದು ತೀರ್ಪಿನ ಅಡಿಟಿಪ್ಪಣಿಯಲ್ಲಿ ಒಂದು ವೆಬ್ ವಿಳಾಸವಿತ್ತು. ಅದರ ಅವಧಿ ಮುಗಿದಾಗ ಬೇರೆ ಯಾರೋ ಅದನ್ನು ಕೊಂಡು, ಅಲ್ಲಿ ನ್ಯಾಯಮೂರ್ತಿಗಳನ್ನೇ ಛೇಡಿಸುವ ಸಂದೇಶ ಹಾಕಿಬಿಟ್ಟರು.

ಶುರು ಮಾಡುವ ಮೊದಲು ಒಂದು ಮಾತು. ಇಲ್ಲಿ ವೆಬ್ ವಿಳಾಸಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಮೊದಲು: ಹೆಸರು ಬೇರೆ, ವಿಳಾಸ ಬೇರೆ

ಮಾಮೂಲಿ ವೆಬ್ ಲಿಂಕ್ ಹೇಳುವುದು ಒಂದು ಕಡತ ಎಲ್ಲಿದೆ ಎಂಬುದನ್ನು. ‘ಹುಣಸೆಮರದ ಪಕ್ಕದ ಮನೆ’ ಅಂದಹಾಗೆ. ಮರ ಕಡಿದರೆ ಮನೆ ಹುಡುಕುವವನು ಬೀದಿಯಲ್ಲಿ ನಿಲ್ಲಬೇಕು. ನಮ್ಮ ಸರ್ಕಾರಿ ಜಾಲತಾಣಗಳನ್ನೇ ನೋಡಿ. ಒಂದು ಕಾಲಕ್ಕೆ ಎಷ್ಟೋ ಇಲಾಖೆಗಳ ವಿಳಾಸ ‘ಕೆಎಆರ್.ಎನ್‌ಐಸಿ.ಇನ್’ ಎಂದು ಮುಗಿಯುತ್ತಿತ್ತು. ಈಗ ‘ಕರ್ನಾಟಕ.ಜಿಒವಿ.ಇನ್’ ಎಂದು ಮುಗಿಯುತ್ತದೆ. ಹಳೆಯ ಥೀಸಿಸ್‌ಗಳಲ್ಲಿ ಮಾತ್ರ ಹಳೆಯ ಹುಣಸೆಮರವೇ ನಿಂತಿದೆ.

ಸ್ಥಿರ ಗುರುತು ಅಂದರೆ ವಸ್ತುವಿಗೇ ಕೊಟ್ಟ ಸಂಖ್ಯೆ. ಸಂಶೋಧನಾ ಲೇಖನಗಳಿಗೆ ಕೊಡುವ ಡಿಒಐ (ಡಿಜಿಟಲ್ ಆಬ್ಜೆಕ್ಟ್ ಐಡೆಂಟಿಫೈಯರ್) ಅಂಥದ್ದೊಂದು. ಕಡತ ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋದರೆ, ಸಂಖ್ಯೆಯ ಹಿಂದಿರುವ ವಿಳಾಸವನ್ನು ಯಾರೋ ತಿದ್ದುತ್ತಾರೆ. ಈ ‘ಯಾರೋ’ ಬಹಳ ಮುಖ್ಯ. ಡಿಒಐ ಮಂತ್ರದಿಂದ ಕೆಲಸ ಮಾಡುವುದಿಲ್ಲ. ಪ್ರಕಾಶಕರು ಕ್ರಾಸ್‌ರೆಫ್ ಅಥವಾ ಡೇಟಾಸೈಟ್‌ನಂಥ ನೋಂದಣಿ ಸಂಸ್ಥೆಯ ಸದಸ್ಯರಾಗಿ, ಲೇಖನದ ವಿವರ ಕೊಟ್ಟು, ವಿಳಾಸ ಬದಲಾದಾಗ ತಿಳಿಸುತ್ತೇವೆ ಎಂದು ಒಪ್ಪಿಕೊಂಡಿರುತ್ತಾರೆ. ಆದ್ದರಿಂದ ಯಾವ ಲಿಂಕ್ ಹಾಕಲಿ ಎಂಬ ಗೊಂದಲ ಬಂದಾಗಲೆಲ್ಲ ನಾನು ಕೇಳಿಕೊಳ್ಳುವುದು ಒಂದೇ: ಇದನ್ನು ನೋಡಿಕೊಳ್ಳುವವರು ಯಾರಾದರೂ ಇದ್ದಾರಾ?

ಹಂತ 1: ಡಿಒಐ ಇದೆಯೇ ಎಂದು ಹುಡುಕಿ

ಲೇಖನದ ಮೊದಲ ಪುಟದ ಮೇಲೆ, ಕೆಳಗೆ, ಇಲ್ಲವೇ ಜಾಲಪುಟದಲ್ಲಿ ಶೀರ್ಷಿಕೆಯ ಹತ್ತಿರ ನೋಡಿ. ‘10.’ ಎಂದು ಶುರುವಾಗುವ ಸಂಖ್ಯೆ ಇದ್ದರೆ ಅದೇ ಡಿಒಐ. ಸಿಗಲಿಲ್ಲವಾದರೆ ಕ್ರಾಸ್‌ರೆಫ್‌ನ ಹುಡುಕು ಪುಟಕ್ಕೆ ಹೋಗಿ ಶೀರ್ಷಿಕೆ ಮತ್ತು ಮೊದಲ ಲೇಖಕರ ಹೆಸರು ಹಾಕಿ. ಇದಕ್ಕೆ ದುಡ್ಡಿಲ್ಲ, ಲಾಗಿನ್ ಬೇಡ.

ಹಳೆಯ ಲೇಖನಕ್ಕೆ ಡಿಒಐ ಇರುವುದಿಲ್ಲ ಅಂದುಕೊಂಡು ಕೈಬಿಡಬೇಡಿ. ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ 1928ರಲ್ಲಿ ನೇಚರ್ ಪತ್ರಿಕೆಗೆ ಬರೆದ ಪುಟ್ಟ ಟಿಪ್ಪಣಿಗೂ ಇವತ್ತು ಡಿಒಐ ಇದೆ. ಡಿಒಐ ವ್ಯವಸ್ಥೆ ಬಳಕೆಗೆ ಬಂದದ್ದೇ 2000ದ ಹೊತ್ತಿಗೆ. ಪ್ರಕಾಶಕರು ಹಳೆಯ ಸಂಪುಟಗಳನ್ನು ಸ್ಕ್ಯಾನ್ ಮಾಡುವಾಗ ಹಿಂದಿನದಕ್ಕೂ ಸಂಖ್ಯೆ ಕೊಟ್ಟರು.

ಆ ಸಂಖ್ಯೆಯನ್ನೇ ಬಿಡಿಸಿ ನೋಡೋಣ: 10.1038/121501ಸಿ0. ಇಲ್ಲಿ ‘ಸಿ’ ಇಂಗ್ಲಿಷಿನ ಸಣ್ಣಕ್ಷರ. ಓರೆಗೆರೆಯ ಎಡಕ್ಕಿರುವ 10.1038 ಸಂಖ್ಯೆ ಕೊಟ್ಟ ಪ್ರಕಾಶಕರದು. ಬಲಕ್ಕಿರುವುದು ಅವರು ತಮಗೆ ಬೇಕಾದಂತೆ ಇಟ್ಟುಕೊಂಡದ್ದು. ಇಲ್ಲಿ 121 ಸಂಪುಟ, 501 ಪುಟ ಎಂದು ಕಣ್ಣಿಗೇ ಕಾಣುತ್ತದೆ. ಆದರೆ ಎಲ್ಲ ಡಿಒಐಗಳೂ ಹೀಗೆ ಗುಟ್ಟು ಬಿಟ್ಟುಕೊಡುವುದಿಲ್ಲ. ಹಾಗಾಗಿ ಒಂದರ ಮಾದರಿ ನೋಡಿ ಇನ್ನೊಂದನ್ನು ಊಹಿಸಿ ಬರೆಯಬೇಡಿ. ಪತ್ರಿಕೆಯೊಂದು ಬೇರೆ ಪ್ರಕಾಶಕರ ಕೈಗೆ ಹೋದರೂ ಹಳೆಯ ಲೇಖನಗಳ ಡಿಒಐ ಹಾಗೇ ಉಳಿಯುತ್ತದೆ. ಆದ್ದರಿಂದ ಎಡಭಾಗ ನೋಡಿ ಈಗಿನ ಪ್ರಕಾಶಕರು ಯಾರು ಎಂದು ಹೇಳಲೂ ಆಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಕೆಲವು ಪತ್ರಿಕೆಗಳು ಡಿಒಐಯಂತೆ ಕಾಣುವ ಸಂಖ್ಯೆಯನ್ನು ಅಚ್ಚು ಹಾಕಿರುತ್ತವೆ, ಆದರೆ ಅದು ಎಲ್ಲೂ ನೋಂದಣಿಯಾಗಿರುವುದಿಲ್ಲ. ಎಐ ಚಾಟ್‌ಗಳು ಕೊಡುವ ಆಕರಗಳಲ್ಲೂ ಹುಟ್ಟೇ ಇಲ್ಲದ ಡಿಒಐಗಳಿರುತ್ತವೆ. ಕೆಲವೊಮ್ಮೆ ಡಿಒಐ ನಿಜವೇ, ಆದರೆ ತೆರೆದರೆ ಬೇರೆ ಯಾರದೋ ಲೇಖನ. ಪ್ರತಿಯೊಂದನ್ನೂ ಒತ್ತಿ ನೋಡಿ, ಲೇಖಕರು, ಶೀರ್ಷಿಕೆ, ವರ್ಷ ಮೂರೂ ಹೊಂದುತ್ತವೆಯೇ ಎಂದು ತಾಳೆ ಹಾಕಿ. ಹಾಗೆಯೇ, ಡಿಒಐ ಇದ್ದ ಮಾತ್ರಕ್ಕೆ ಲೇಖನ ಒಳ್ಳೆಯದು ಅಂತಲ್ಲ. ವಾಹನಕ್ಕೆ ನಂಬರ್ ಪ್ಲೇಟ್ ಇದೆ ಎಂದ ಮಾತ್ರಕ್ಕೆ ಬ್ರೇಕ್ ಸರಿಯಿದೆ ಎಂದು ಅರ್ಥವೇ?

ಹಂತ 2: ಡಿಒಐಯನ್ನು ಸರಿಯಾಗಿ ಬರೆಯಿರಿ

ಹಳೆಯ ಲೇಖನಗಳಲ್ಲಿ ನೀವು ಮೂರು ರೂಪ ನೋಡಿರುತ್ತೀರಿ. ‘ಡಿಒಐ:’ ಎಂದು ಹಾಕಿ ಬರೀ ಸಂಖ್ಯೆ. ಆಮೇಲೆ ‘ಡಿಎಕ್ಸ್.ಡಿಒಐ.ಆರ್ಗ್’ ಎಂದು ಶುರುವಾಗುವ ಲಿಂಕ್. ಈಗಿನದು ‘ಎಚ್‌ಟಿಟಿಪಿಎಸ್://ಡಿಒಐ.ಆರ್ಗ್/’ ಮತ್ತು ಅದರ ಮುಂದೆ ಸಂಖ್ಯೆ. ಕ್ರಾಸ್‌ರೆಫ್ 2017ರಿಂದ ಹೇಳುತ್ತಿರುವುದು ಈ ಮೂರನೆಯದನ್ನೇ. ಹಳೆಯ ಲಿಂಕುಗಳು ಇನ್ನೂ ಕೆಲಸ ಮಾಡುತ್ತವೆ, ಆದರೆ ನಿಮ್ಮ ಪಟ್ಟಿಯಲ್ಲಿ ಎಲ್ಲವನ್ನೂ ಹೊಸ ರೂಪಕ್ಕೆ ತನ್ನಿ.

ಆಕರ ಬರೆಯುವ ಪದ್ಧತಿಗಳಲ್ಲಿ ಒಂದಾದ ಎಪಿಎ ಶೈಲಿಯಲ್ಲಿ ರಾಮನ್ ಅವರ ಟಿಪ್ಪಣಿ ಹೀಗಿರುತ್ತದೆ:

ರಾಮನ್, ಸಿ. ವಿ., ಮತ್ತು ಕೃಷ್ಣನ್, ಕೆ. ಎಸ್. (1928). ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಷನ್. ನೇಚರ್, 121, 501–502. ಎಚ್‌ಟಿಟಿಪಿಎಸ್://ಡಿಒಐ.ಆರ್ಗ್/10.1038/121501ಸಿ0

ಕೊನೆಯಲ್ಲಿ ಪೂರ್ಣವಿರಾಮ ಇಲ್ಲ ನೋಡಿ. ಎಪಿಎ ಅದನ್ನು ಬೇಕೆಂದೇ ಬಿಟ್ಟಿದೆ. ಚುಕ್ಕಿಯೂ ಸಂಖ್ಯೆಯ ಭಾಗ ಎಂದು ಓದುಗರು ಕಾಪಿ ಮಾಡಿದರೆ ಲಿಂಕ್ ತೆರೆಯುವುದಿಲ್ಲ. ಎಂಎಲ್‌ಎ ಮತ್ತು ಶಿಕಾಗೊ ಶೈಲಿಗಳು ಮಾತ್ರ ಕೊನೆಗೆ ಚುಕ್ಕಿ ಇಡುತ್ತವೆ.

ಡಿಒಐಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಬೇರೆ ವೆಬ್ ವಿಳಾಸಗಳಿಗೆ ಈ ರಿಯಾಯಿತಿ ಇಲ್ಲ. ಅಲ್ಲಿ ಒಂದು ಅಕ್ಷರದ ಗಾತ್ರ ಬದಲಾದರೂ ಪುಟ ತಪ್ಪಬಹುದು.

ಡಿಒಐ ಇದ್ದರೆ ಅದೊಂದೇ ಸಾಕು. ಪಕ್ಕದಲ್ಲಿ ಪ್ರಕಾಶಕರ ಲಿಂಕ್, ನೋಡಿದ ದಿನಾಂಕ, ಪಿಡಿಎಫ್ ಲಿಂಕ್ ಎಲ್ಲ ತುರುಕಬೇಡಿ. ಇದರ ಇನ್ನೊಂದು ಲಾಭ ಜಾಸ್ತಿ ಜನರಿಗೆ ಗೊತ್ತಿಲ್ಲ. ಲೇಖನವೊಂದನ್ನು ಹಿಂತೆಗೆದುಕೊಂಡರೆ ಆ ಸುದ್ದಿಯೂ ಡಿಒಐಗೆ ಅಂಟಿಕೊಂಡಿರುತ್ತದೆ. ಹಿಂತೆಗೆದುಕೊಂಡ ಲೇಖನಗಳ ದೊಡ್ಡ ದಾಖಲೆಯಾದ ರಿಟ್ರಾಕ್ಷನ್ ವಾಚ್ ಡೇಟಾಬೇಸನ್ನು ಕ್ರಾಸ್‌ರೆಫ್ 2023ರಲ್ಲಿ ಕೊಂಡು ಎಲ್ಲರಿಗೂ ಮುಕ್ತ ಮಾಡಿತು. ಆಕರಗಳನ್ನು ಜೋಡಿಸಿಡುವ ಜೊಟೆರೊ ತಂತ್ರಾಂಶವನ್ನು ನೀವು ಬಳಸುವವರಾದರೆ ಅಂಥ ಲೇಖನದ ಮೇಲೆ ಕೆಂಪು ಎಚ್ಚರಿಕೆ ತಾನಾಗಿ ಬರುತ್ತದೆ. ಜೊಟೆರೊದಲ್ಲಿ ಮಂತ್ರದಂಡದ ಗುರುತು ಒತ್ತಿ ಡಿಒಐ ಹಾಕಿದರೆ ಉಳಿದ ವಿವರಗಳೂ ತಾವಾಗಿಯೇ ತುಂಬಿಕೊಳ್ಳುತ್ತವೆ. ಮೊದಲ ಸಲ ನೋಡಿದಾಗ, ಇಷ್ಟು ದಿನ ಕೈಯಲ್ಲಿ ಬರೆದದ್ದು ನೆನೆದು ಹೊಟ್ಟೆ ಉರಿಯಿತು!

ಹಂತ 3: ಡಿಒಐ ಇಲ್ಲದಿದ್ದರೆ ಬೇರೆ ಸ್ಥಿರ ಗುರುತು ಹುಡುಕಿ

ಕನ್ನಡದಲ್ಲಿ ಸಂಶೋಧನೆ ಮಾಡುವವರಿಗೆ ಈ ಹಂತವೇ ಜಾಸ್ತಿ ಬೇಕು. ನಮ್ಮ ಆಕರಗಳಲ್ಲಿ ಡಿಒಐ ಇರುವವು ಕಡಿಮೆ.

ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಇದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನಡೆಸುತ್ತದೆ. ಅಲ್ಲಿನ ಪ್ರತಿ ಪ್ರಬಂಧಕ್ಕೂ ಹ್ಯಾಂಡಲ್ ಎಂಬ ಒಂದು ಸ್ಥಿರ ಸಂಖ್ಯೆ ಇರುತ್ತದೆ. ಅದು ಯಾವಾಗಲೂ 10603 ಎಂದು ಶುರುವಾಗಿ, ಓರೆಗೆರೆಯ ನಂತರ ಪ್ರಬಂಧದ ಸಂಖ್ಯೆ ಬರುತ್ತದೆ. ಪ್ರಬಂಧದ ವಿವರ ಪುಟದಲ್ಲಿ ‘ಎಚ್‌ಡಿಎಲ್.ಹ್ಯಾಂಡಲ್.ನೆಟ್’ ಎಂದಿರುವ ವಿಳಾಸ ಕಾಣುತ್ತದಲ್ಲ, ಅದನ್ನು ಹಾಕಿ. ಬಹಳ ಜನ ಮಾಡುವ ತಪ್ಪು ಎಂದರೆ ಮೂರನೇ ಅಧ್ಯಾಯದ ಪಿಡಿಎಫ್ ತೆರೆದು, ಅದರ ಮೇಲಿರುವ ಉದ್ದನೆಯ ‘ಬಿಟ್‌ಸ್ಟ್ರೀಮ್’ ಲಿಂಕನ್ನು ಕಾಪಿ ಮಾಡುವುದು. ಹಳೆಯ ಪಟ್ಟಿಗಳಲ್ಲಿ ವಿಳಾಸದ ನಡುವೆ ‘:8080’ ಎಂದಿರುವ ಶೋಧಗಂಗಾ ಲಿಂಕುಗಳೂ ಸಿಗುತ್ತವೆ. ಅದು ಸರ್ವರಿನ ಒಳಬಾಗಿಲ ಸಂಖ್ಯೆ, ನಮಗೆ ಬೇಡ. ಹ್ಯಾಂಡಲ್ ಕೊಟ್ಟು, ಅಧ್ಯಾಯ ಮತ್ತು ಪುಟ ಸಂಖ್ಯೆಯನ್ನು ಬೇರೆಯಾಗಿ ಬರೆಯಿರಿ. ಅಂದಹಾಗೆ, ಡಿಒಐ ಒಳಗೊಳಗೆ ನಡೆಯುವುದೂ ಇದೇ ಹ್ಯಾಂಡಲ್ ವ್ಯವಸ್ಥೆಯ ಮೇಲೆ. ಇಬ್ಬರೂ ಒಂದೇ ಮನೆಯವರು.

ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿಗೆ ನಾವೆಲ್ಲ ಇಂಟರ್ನೆಟ್ ಆರ್ಕೈವ್‌ಗೆ ಹೋಗುತ್ತೇವೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಅಲ್ಲಿಗೆ ಬಂದ ಪುಸ್ತಕಗಳು ಸಾವಿರಗಟ್ಟಲೆ ಇವೆ. ಪುಟದ ಕೆಳಗೆ ವಿವರಗಳ ಪಟ್ಟಿಯಲ್ಲಿ ‘ಎಆರ್‌ಕೆ’ ಎಂಬ ಸಾಲು ನೋಡಿ. ಅದು ಗ್ರಂಥಾಲಯಗಳೂ ದಾಖಲೆ ಸಂಗ್ರಹಗಳೂ 2001ರಿಂದ ಬಳಸುತ್ತಿರುವ ಸ್ಥಿರ ಗುರುತು. ಇಂಟರ್ನೆಟ್ ಆರ್ಕೈವ್‌ನದು 13960 ಎಂಬ ಸಂಖ್ಯೆಯಿಂದ ಶುರುವಾಗುತ್ತದೆ. ಅದು ಬೇಡವೆನಿಸಿದರೆ ಪುಸ್ತಕದ ‘ಡೀಟೇಲ್ಸ್’ ಪುಟದ ಲಿಂಕ್ ಕೊಡಿ, ನೇರ ಪಿಡಿಎಫ್ ಲಿಂಕ್ ಬೇಡ. ಒಂದು ಕಿವಿಮಾತು: ಈ ಸಂಗ್ರಹದಲ್ಲಿ ಶೀರ್ಷಿಕೆ, ವರ್ಷ, ಲೇಖಕರ ಹೆಸರು ಎಷ್ಟೋ ಸಲ ತಪ್ಪಾಗಿರುತ್ತವೆ. ವಿವರಗಳನ್ನು ಪುಸ್ತಕದ ಮುಖಪುಟದ ಒಳಹಾಳೆಯಿಂದಲೇ ತೆಗೆದುಕೊಳ್ಳಿ.

ವಿಜ್ಞಾನದ ಕಡೆಯವರಿಗೆ ಆರ್‌ಕೈವ್ ಪ್ರೀಪ್ರಿಂಟ್ (ಪತ್ರಿಕೆಯಲ್ಲಿ ಬರುವ ಮೊದಲೇ ಹಂಚುವ ಪ್ರತಿ) ಸಂಖ್ಯೆ ಗೊತ್ತೇ ಇರುತ್ತದೆ. 1706.03762 ಎಂದರೆ 2017ರ ಜೂನಿನಲ್ಲಿ ಸೇರಿಸಿದ್ದು ಎಂದರ್ಥ. ಅದರಲ್ಲಿ ಒಂದನೇ ಆವೃತ್ತಿ, ಎರಡನೇ ಆವೃತ್ತಿ ಎಂದು ಬರುತ್ತಿರುತ್ತವೆ. ನೀವು ಓದಿದ ಆವೃತ್ತಿ ಯಾವುದು ಎಂದು ಬರೆಯಿರಿ. ಆಮೇಲೆ ಅದು ಪತ್ರಿಕೆಯಲ್ಲಿ ಪ್ರಕಟವಾಗಿದ್ದರೆ, ಪ್ರಕಟಿತ ರೂಪ ಓದಿ ಅದರ ಡಿಒಐ ಹಾಕುವುದು ಒಳ್ಳೆಯದು.

ಆವೃತ್ತಿಯ ತಾಪತ್ರಯ ಶಾಸನದವರಿಗೂ ಹೊಸದಲ್ಲ. ಶ್ರವಣಬೆಳಗೊಳದ ಶಾಸನಗಳನ್ನು ರೈಸ್ 1889ರಲ್ಲಿ ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ ಪರಿಷ್ಕರಿಸಿದರು. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಹೊಸ ಪರಿಷ್ಕರಣೆ ಬಂತು. ಸಂಖ್ಯೆಗಳು ಒಂದರಿಂದ ಇನ್ನೊಂದಕ್ಕೆ ಬದಲಾಗಿವೆ. ಯಾವ ಪರಿಷ್ಕರಣೆ ಎಂದು ಹೇಳದೆ ಬರೀ ಸಂಖ್ಯೆ ಬರೆದರೆ ಓದುಗರು ಬೇರೆ ಶಾಸನದ ಮುಂದೆ ಹೋಗಿ ನಿಲ್ಲುತ್ತಾರೆ.

ಐಎಸ್‌ಬಿಎನ್ ಮತ್ತು ಐಎಸ್‌ಎಸ್‌ಎನ್ ಕೂಡ ಗುರುತುಗಳೇ, ಆದರೆ ಒತ್ತಿದರೆ ತೆರೆಯುವಂಥವಲ್ಲ. ನಿಮ್ಮ ವಿಶ್ವವಿದ್ಯಾಲಯ ಕೇಳದಿದ್ದರೆ ಆಕರ ಪಟ್ಟಿಯಲ್ಲಿ ಬೇಕಿಲ್ಲ.

ಹಂತ 4: ಮಾಮೂಲಿ ಲಿಂಕ್ ಹಾಕಲೇಬೇಕಾದರೆ ತೊಳೆದು ಹಾಕಿ

ಪತ್ರಿಕಾ ವರದಿ, ಸರ್ಕಾರಿ ಸುತ್ತೋಲೆ, ಬ್ಲಾಗ್ ಬರಹ, ಯೂಟ್ಯೂಬ್ ಉಪನ್ಯಾಸ, ಇವಕ್ಕೆಲ್ಲ ಸ್ಥಿರ ಗುರುತು ಇರುವುದಿಲ್ಲ. ಆಗ ವೆಬ್ ವಿಳಾಸವೇ ಗತಿ.

ಮೊದಲ ಕೆಲಸ, ಬಾಲ ಕತ್ತರಿಸುವುದು. ವಾಟ್ಸಾಪ್‌ನಲ್ಲಿ ಬಂದ, ಫೇಸ್‌ಬುಕ್‌ನಿಂದ ತೆರೆದ ಲಿಂಕುಗಳಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ‘ಯುಟಿಎಂ’, ‘ಎಫ್‌ಬಿಕ್ಲಿಡ್’ ಎಂದೆಲ್ಲ ಉದ್ದನೆಯ ಬಾಲವಿರುತ್ತದೆ. ಅದು ನೀವು ಎಲ್ಲಿಂದ ಬಂದಿರಿ ಎಂದು ಅವರು ಲೆಕ್ಕ ಇಡುವುದಕ್ಕೆ. ಅಳಿಸಿ, ಮತ್ತೆ ತೆರೆದು ನೋಡಿ. ಎಲ್ಲ ಬಾಲವನ್ನೂ ಕಣ್ಣು ಮುಚ್ಚಿ ಕತ್ತರಿಸಬೇಡಿ ಮಾತ್ರ. ಕೆಲವು ತಾಣಗಳಲ್ಲಿ ಪುಟದ ಸಂಖ್ಯೆಯೇ ಪ್ರಶ್ನಾರ್ಥಕದ ನಂತರ ಇರುತ್ತದೆ.

ಲೈಬ್ರರಿಯ ರಿಮೋಟ್ ಆಕ್ಸೆಸ್ ಮೂಲಕ ಲೇಖನ ತೆರೆದಿದ್ದರೆ ಇನ್ನೂ ಹುಷಾರು. ಮೇಲಿನ ವಿಳಾಸದಲ್ಲಿ ನಿಮ್ಮ ಲೈಬ್ರರಿಯ ಪ್ರಾಕ್ಸಿ ಹೆಸರು ಸೇರಿಕೊಂಡಿರುತ್ತದೆ. ಅದು ನಿಮಗೆ ಮಾತ್ರ ತೆರೆಯುತ್ತದೆ. ಬೇರೆ ಊರಿನ ಪರೀಕ್ಷಕರಿಗೆ ಲಾಗಿನ್ ಪುಟ ಕಾಣುತ್ತದೆ, ಅಷ್ಟೇ. ಜೆಸ್ಟೋರ್‌ನಂಥ ತಾಣಗಳು ಲೇಖನದ ಪಕ್ಕದಲ್ಲೇ ‘ಸ್ಟೇಬಲ್ ಯುಆರ್‌ಎಲ್’ ಕೊಡುತ್ತವೆ. ಅದನ್ನೇ ತೆಗೆದುಕೊಳ್ಳಿ.

ಉದ್ದದ ವಿಳಾಸವನ್ನು ಪುಟ್ಟದಾಗಿಸುವ ಕಿರುಲಿಂಕು ಬೇಡವೇ ಬೇಡ. ಗೂಗಲ್ಲೇ ತನ್ನ ಕಿರುಲಿಂಕು ಸೇವೆಯನ್ನು ನಿಲ್ಲಿಸುವುದಾಗಿ 2018ರಲ್ಲಿ ಹೇಳಿತು. ಅಷ್ಟು ದೊಡ್ಡವರೇ ಕೈ ಎತ್ತಿದ ಮೇಲೆ ಬೇರೆಯವರನ್ನು ನಂಬುವುದು ಹೇಗೆ?

ಕನ್ನಡ ವಿಕಿಪೀಡಿಯದ ಲಿಂಕ್ ಕಾಪಿ ಮಾಡಿ ಕಂಗಾಲಾದವರು ಬಹಳ ಜನ ಇದ್ದಾರೆ. ವಿಳಾಸದಲ್ಲಿದ್ದ ಕನ್ನಡ ಪದ ಶೇಕಡಾ ಚಿಹ್ನೆಗಳ ಮಾಲೆಯಾಗಿಬಿಡುತ್ತದೆ. ಕಾರಣ ಇಷ್ಟೇ: ಯುನಿಕೋಡಿನ ಒಂದೊಂದು ಕನ್ನಡ ಚಿಹ್ನೆಯೂ ವಿಳಾಸದಲ್ಲಿ ಒಂಬತ್ತು ಅಕ್ಷರವಾಗುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರ ಮಾಡುವ ಹಲಂತವೂ ಸೇರಿ ಐದು ಚಿಹ್ನೆ. ಅಂದರೆ ಮೂರಕ್ಷರದ ಪದಕ್ಕೆ 45 ಅಕ್ಷರ! ತಪ್ಪೇನಿಲ್ಲ, ಲಿಂಕ್ ಕೆಲಸ ಮಾಡುತ್ತದೆ. ಆದರೆ ಪುಟದ ‘ಇತಿಹಾಸ’ಕ್ಕೆ ಹೋಗಿ, ನೀವು ಓದಿದ ದಿನದ ಆವೃತ್ತಿಯ ಮೇಲೆ ಒತ್ತಿದರೆ ಆ ಆವೃತ್ತಿಗೇ ಸೇರಿದ ಸ್ಥಿರ ವಿಳಾಸ ಸಿಗುತ್ತದೆ. ಅದನ್ನು ಕೊಡಿ. ನಾಳೆ ಯಾರಾದರೂ ಪುಟ ತಿದ್ದಿದರೂ ನೀವು ನೋಡಿದ್ದು ಹಾಗೇ ಉಳಿದಿರುತ್ತದೆ.

ಹಂತ 5: ನೋಡಿದ ದಿನವೇ ಪುಟವನ್ನು ಉಳಿಸಿಡಿ

ವೆಬ್ ಪುಟ ಉಲ್ಲೇಖಿಸಬೇಕು ಅನಿಸಿದ ಗಳಿಗೆಯಲ್ಲೇ ಇದನ್ನು ಮಾಡಬೇಕು. ಥೀಸಿಸ್ ಕೊಡುವ ವಾರದಲ್ಲಿ ಮಾಡಹೊರಟರೆ ಅಷ್ಟರಲ್ಲಿ ಪುಟ ಹೋಗಿರುತ್ತದೆ.

ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಹೋಗಿ. ‘ಸೇವ್ ಪೇಜ್ ನೌ’ ಎಂಬಲ್ಲಿ ವಿಳಾಸ ಅಂಟಿಸಿ ಒತ್ತಿ. ಕೆಲವು ಕ್ಷಣಗಳಲ್ಲಿ, ಕೆಲವೊಮ್ಮೆ ಕೆಲವು ನಿಮಿಷಗಳಲ್ಲಿ, ಪ್ರತಿ ಸಿದ್ಧವಾಗಿ ಹೊಸ ವಿಳಾಸ ಬರುತ್ತದೆ. ಅದರ ನಡುವೆ 14 ಅಂಕಿ ಇರುತ್ತವೆ. 20240601193000 ಎಂದರೆ 2024ರ ಜೂನ್ 1, ಸಂಜೆ 7 ಗಂಟೆ 30 ನಿಮಿಷ. ಆದರೆ ಇದು ಗ್ರೀನಿಚ್ ಸಮಯ. ನಮಗೆ ಐದೂವರೆ ಗಂಟೆ ಸೇರಿಸಬೇಕು. ಆಗ ಅದು ಜೂನ್ 2ರ ಬೆಳಗಿನ ಜಾವ 1 ಗಂಟೆ. ತಡರಾತ್ರಿ ಕೂತು ಕೆಲಸ ಮಾಡುವವರು ದಿನಾಂಕ ಒಂದು ದಿನ ಹಿಂದೆ ಕಂಡರೆ ಗಾಬರಿಯಾಗಬೇಡಿ.

ಉಳಿಸಿದ ಪ್ರತಿಯನ್ನು ಒಮ್ಮೆ ತೆರೆದು ನೋಡಲೇಬೇಕು. ಲಾಗಿನ್ ಬೇಕಾದ ಪುಟ, ವಿಡಿಯೊ, ತಾನಾಗಿ ಬದಲಾಗುವ ನಕ್ಷೆ, ಇವೆಲ್ಲ ಖಾಲಿಯಾಗಿ ಉಳಿದಿರಬಹುದು. ಅಂಥದ್ದಕ್ಕೆ ಪಿಡಿಎಫ್ ಅಥವಾ ಸ್ಕ್ರೀನ್‌ಶಾಟ್ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ವೈವಾದಲ್ಲಿ ಕೇಳಿದರೆ ತೋರಿಸಬಹುದು. ಪಟ್ಟಿಯಲ್ಲಿ ಮೂಲ ವಿಳಾಸ, ಉಳಿಸಿದ ಪ್ರತಿಯ ವಿಳಾಸ ಎರಡನ್ನೂ ಕೊಡುವುದು ನನ್ನ ರೂಢಿ. ಮೂಲ ಯಾರದು ಎಂಬುದೂ ಓದುಗರಿಗೆ ಕಾಣಬೇಕು, ಅಲ್ವಾ?

ಹಂತ 6: ಶೈಲಿಗೆ ತಕ್ಕಂತೆ ಜೋಡಿಸಿ

ಇದರಲ್ಲಿ ನಿಮ್ಮ ವಿಶ್ವವಿದ್ಯಾಲಯದ ಅಥವಾ ಪತ್ರಿಕೆಯ ನಿಯಮವೇ ಕೊನೆಯ ಮಾತು. ಸ್ಥೂಲವಾಗಿ ಹೇಳುವುದಾದರೆ, ಎಪಿಎ ಏಳನೇ ಆವೃತ್ತಿ ‘ಇಂಥಲ್ಲಿಂದ ಪಡೆದದ್ದು’ ಎಂಬ ಮಾತನ್ನು ಕೈಬಿಟ್ಟಿದೆ. ಬದಲಾಗುತ್ತಲೇ ಇರುವ ಪುಟಗಳಿಗೆ ಮಾತ್ರ ನೋಡಿದ ದಿನಾಂಕ ಕೇಳುತ್ತದೆ. ಎಂಎಲ್‌ಎ ಒಂಬತ್ತನೆಯದರಲ್ಲಿ ನೋಡಿದ ದಿನಾಂಕ ನಿಮ್ಮ ಇಷ್ಟ. ಐಇಇಇ ಶೈಲಿಯವರು ಇನ್ನೂ ‘ಡಿಒಐ:’ ಎಂದು ಹಾಕಿ ಬರೀ ಸಂಖ್ಯೆ ಬರೆಯುತ್ತಾರೆ. ಕನ್ನಡ ಪುಟಗಳ ವಿಷಯದಲ್ಲಿ ನನ್ನ ಸಲಹೆ: ಪ್ರಕಟಣೆಯ ದಿನಾಂಕ ಕಾಣದಿದ್ದರೆ ನೋಡಿದ ದಿನಾಂಕ ಹಾಕಿಬಿಡಿ. ಯಾರೂ ಬೈಯುವುದಿಲ್ಲ.

ಹಂತ 7: ಕನ್ನಡದಲ್ಲಿ ಟೈಪ್ ಮಾಡುವಾಗಿನ ಪಜೀತಿ

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದು ಸಿಗುವುದಿಲ್ಲ, ಆದರೆ ನಮ್ಮ ಥೀಸಿಸ್‌ಗಳಲ್ಲಿ ಲಿಂಕ್ ಹಾಳಾಗುವುದು ಹೆಚ್ಚಾಗಿ ಇಲ್ಲೇ. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಬರೆಯುವವರು ಲಿಂಕ್ ಅಂಟಿಸಿದ ಕೂಡಲೇ ಅದು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಕಾಣುತ್ತದೆ. ಆ ಫಾಂಟ್ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದೆ. ಲಿಂಕನ್ನಷ್ಟೇ ಆಯ್ಕೆ ಮಾಡಿ ಟೈಮ್ಸ್ ನ್ಯೂ ರೋಮನ್‌ಗೆ ಬದಲಾಯಿಸಿ, ಸರಿಯಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇಡೀ ಕಡತವನ್ನು ಯುನಿಕೋಡಿಗೆ ಪರಿವರ್ತಿಸುವಾಗ ಇರುತ್ತದೆ. ಪರಿವರ್ತಕಕ್ಕೆ ಲಿಂಕ್ ಯಾವುದು, ಕನ್ನಡ ಯಾವುದು ಎಂದು ಗೊತ್ತಾಗದೆ ಎಲ್ಲವನ್ನೂ ಅರೆದುಬಿಡುತ್ತದೆ. ಪರಿವರ್ತಿಸುವ ಮೊದಲು ಲಿಂಕುಗಳನ್ನು ಬೇರೆ ಕಡತಕ್ಕೆ ತೆಗೆದಿಟ್ಟು, ಆಮೇಲೆ ಮರಳಿ ಸೇರಿಸಿ.

ಕನ್ನಡ ಅಂಕಿಗಳ ಮೇಲೆ ಪ್ರೀತಿ ಇರುವವರೂ ಇದ್ದಾರೆ. ನನಗೂ ಇದೆ. ಆದರೆ ೧೦.೧೦೩೮ ಎಂದು ಬರೆದರೆ ಡಿಒಐ ತೆರೆಯುವುದಿಲ್ಲ. ಸಂಪುಟ, ಪುಟ, ವರ್ಷ ಕನ್ನಡದಲ್ಲಿರಲಿ, ಲಿಂಕ್ ಮಾತ್ರ ಇಂಗ್ಲಿಷ್ ಅಂಕಿಯಲ್ಲಿರಲಿ.

ಉದ್ದದ ಲಿಂಕ್ ಸಾಲಿನ ಕೊನೆಗೆ ಹಿಡಿಸದಿದ್ದರೆ ನೀವಾಗಿ ಎಂಟರ್ ಒತ್ತಬೇಡಿ, ಅಡ್ಡಗೆರೆ ಹಾಕಿ ಮುರಿಯಬೇಡಿ. ಡಿಟಿಪಿಯವರಿಗೂ ಇದನ್ನು ಮೊದಲೇ ಹೇಳಿಡಿ. ಪುಟ ಚಂದ ಕಾಣಲಿ ಎಂದು ಅವರು ಒಳ್ಳೆಯ ಮನಸ್ಸಿನಿಂದಲೇ ಒಂದು ಸ್ಪೇಸ್ ಸೇರಿಸಿರುತ್ತಾರೆ, ಲಿಂಕ್ ಅಲ್ಲಿಗೆ ಮುಗಿಯಿತು.

ಹಂತ 8: ಕೊಡುವ ಮುಂಚೆ ಬೇರೆಯವರ ಕಣ್ಣಲ್ಲಿ ನೋಡಿ

ಅಂತಿಮ ಪಿಡಿಎಫ್ ಅನ್ನು ಮೊಬೈಲಿಗೆ ಹಾಕಿಕೊಂಡು, ಕ್ಯಾಂಪಸ್ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಪ್ರತಿ ಲಿಂಕ್ ಒತ್ತಿ. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ತೆರೆದರೆ ಇನ್ನೂ ಒಳ್ಳೆಯದು, ನಿಮ್ಮ ಲಾಗಿನ್‌ಗಳು ಅಡ್ಡ ಬರುವುದಿಲ್ಲ. ಲೇಖನಕ್ಕೆ ಹಣ ಕೇಳುವ ಪುಟ ಬಂದರೆ ಅದು ಸರಿಯೇ. ಡಿಒಐ ಕರೆದುಕೊಂಡು ಹೋಗುವುದು ಲೇಖನದ ಬಾಗಿಲಿಗೆ, ಒಳಗೆ ಬಿಡುವುದು ಅದರ ಕೆಲಸವಲ್ಲ.

ನಿಜವಾದ ಡಿಒಐಯೇ ತೆರೆಯದಿದ್ದರೆ, ‘ಡಿಒಐ ಸಿಗಲಿಲ್ಲ’ ಎಂದು ಬರುವ ಪುಟದಲ್ಲೇ ದೂರು ಕೊಡುವ ಅವಕಾಶ ಇದೆ. ಹೊಸ ಲೇಖನವಾದರೆ ಸ್ವಲ್ಪ ದಿನ ಕಾಯಿರಿ, ನೋಂದಣಿ ಇನ್ನೂ ಆಗಿರಲಿಕ್ಕಿಲ್ಲ.

ನಿಮ್ಮದೇ ಬರಹಕ್ಕೆ ಸಂಖ್ಯೆ ಬೇಕಾದರೆ

ಡಿಒಐ ಕೊಡದ ಕನ್ನಡ ಪತ್ರಿಕೆಯಲ್ಲಿ ನಿಮ್ಮ ಲೇಖನ ಬಂದಿದೆ, ಅಥವಾ ಕ್ಷೇತ್ರಕಾರ್ಯದಲ್ಲಿ ಕಲೆಹಾಕಿದ ಹಾಡುಗಳ ಪಟ್ಟಿ ಇದೆ ಅಂದುಕೊಳ್ಳಿ. ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರವಾದ ಸರ್ನ್ 2013ರಿಂದ ನಡೆಸುತ್ತಿರುವ ಜೆನೊಡೊ ಎಂಬ ಸಂಗ್ರಹತಾಣದಲ್ಲಿ ಅದನ್ನು ಉಚಿತವಾಗಿ ಇಡಬಹುದು. ಇಟ್ಟ ಕೂಡಲೇ 10.5281 ಎಂದು ಶುರುವಾಗುವ ಡಿಒಐ ಸಿಗುತ್ತದೆ. ಅಲ್ಲಿ ಎರಡು ಡಿಒಐ ಕಾಣುತ್ತವೆ. ಒಂದು ಈ ಆವೃತ್ತಿಯದು, ಇನ್ನೊಂದು ಎಲ್ಲ ಆವೃತ್ತಿಗಳಿಗೂ ಸೇರಿದ್ದು. ಬೇರೆಯವರು ಉಲ್ಲೇಖಿಸುವಾಗ ತಾವು ಬಳಸಿದ ಆವೃತ್ತಿಯದನ್ನು ಹಾಕಬೇಕು. ನಿಮ್ಮ ಪರಿಚಯ ಪತ್ರದಲ್ಲಿ ಎಲ್ಲಕ್ಕೂ ಸೇರಿದ್ದನ್ನು ಹಾಕಿಕೊಳ್ಳಬಹುದು.

ಇಡುವ ಮೊದಲು ಪತ್ರಿಕೆಯ ಸಂಪಾದಕರಿಂದ ಒಪ್ಪಿಗೆ ಪಡೆಯಿರಿ. ಹಾಡು ಹೇಳಿದವರ ಒಪ್ಪಿಗೆಯೂ ಬೇಕು. ಲೇಖನಕ್ಕೆ ಮೊದಲೇ ಡಿಒಐ ಇದ್ದರೆ ಜೆನೊಡೊದಲ್ಲಿ ಹೊಸದು ತೆಗೆದುಕೊಳ್ಳಬೇಡಿ. ಅಪ್‌ಲೋಡ್ ಮಾಡುವಾಗ ‘ಇದಕ್ಕೆ ಈಗಾಗಲೇ ಡಿಒಐ ಇದೆಯೇ’ ಎಂದು ಅದೇ ಕೇಳುತ್ತದೆ. ಅಲ್ಲಿ ಹಳೆಯದನ್ನೇ ತುಂಬಿ ಮುಂದಕ್ಕೆ ಹೋಗಿ.